ಗಣಿತದ ಸಕ್ಕರೆ

ಡೊಂಬಿವಲಿ ಪೂರ್ವ
ಸೋಮವಾರ, ೧೯ ಆಗಸ್ಟ್ ೧೯೯೬

ಪದ್ಮಕ್ಕನವರಿಗೆ ನೀಲಗಂಗಾಳ ಶರಣು.

ಇವತ್ತು ಶ್ರಾವಣದ ಮೊದಲ ಸೋಮವಾರ, ಒಪ್ಪತ್ತು. ನಸುಕಿನಲ್ಲಿ ನಳ ಬಂದಾಗ ಎದ್ದವಳು ಡ್ರಮ್ಮು ತುಂಬಿ, ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಪೂಜೆ ಮುಗಿಸಿ, ರೊಟ್ಟಿ ಬಡಿದು ಇಬ್ಬರ ಡಬ್ಬಿ ಕಟ್ಟಿದೆ. ಇವರು ಪಾತ್ರೆ ಅಂಗಡಿಯ ಕೀಲಿ ಹಿಡಿದು ಹೊರಟರು. ಮಗ ವಿಜಯಕುಮಾರ ಸಾನಪಾಡಾದ ಆಫೀಸಿಗೆ ಓಡಿದ. ಆಮೇಲೆ ಮನೆಯಲ್ಲಿ ನಾನೊಬ್ಬಳೇ. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದೆ. ಕಿಟಕಿಗೆ ಹೋಗಿ ಬಂದೆ, ಬಾಗಿಲಿಗೆ ಹೋಗಿ ಬಂದೆ. ಉಪವಾಸದ ದಿನ ಮನಸ್ಸು ಒಂದು ಕಡೆ ಕೂಡಬೇಕು ಅನ್ನುತ್ತಾರೆ ಹಿರಿಯರು. ನನ್ನದು ಹಗ್ಗ ಬಿಚ್ಚಿದ ಕರುವಿನ ಹಾಗೆ ತಿರುಗುತ್ತಿದೆ. ಅದಕ್ಕೇ ಈ ಕಾಗದ.

ನಿಮ್ಮ ಅಣ್ಣನಿಗೆ ಲಕ್ವ ಹೊಡೆಯಿತೆಂದು ನೀವು ವಿಜಾಪುರಕ್ಕೆ ಹೊರಟಾಗ, ಹುಡುಗಿಯರನ್ನು ಓದಿಸುವ ನಿಮ್ಮ ಹೆಂಗಸರ ಬಳಗದಲ್ಲಿ ನಿಮ್ಮ ಪಾಲಿಗಿದ್ದ ಹುಡುಗಿಯನ್ನು ನನ್ನ ಕೈಗೆ ಒಪ್ಪಿಸಿದಿರಿ. ಒಬ್ಬೊಬ್ಬ ಹೆಂಗಸಿಗೆ ಒಬ್ಬೊಬ್ಬ ಹುಡುಗಿ, ಅವಳು ಹತ್ತನೆಯದು ದಾಟುವವರೆಗೆ ಬೆನ್ನಿಗೆ ನಿಲ್ಲಬೇಕು ಎಂದಿರಿ. ನಾನು ಹಳ್ಳಿ ಸಾಲಿಯಲ್ಲಿ ಏಳನೆಯ ಇಯತ್ತೆ ಕಲಿತವಳು, ನನ್ನಿಂದ ಏನಾದೀತು ಎಂದರೆ ನೀವು ಕೇಳಲಿಲ್ಲ. "ಪಾಠಾ ಹೇಳಾಕ ಮಾಸ್ತರು ಅದಾರ. ನೀ ಬರೇ ಅಕಿ ಬೆನ್ನಿಗೆ ನಿಂದ್ರು" ಎಂದು ಗಾಡಿ ಹತ್ತಿದಿರಿ.

ಮೊನ್ನೆ ಶನಿವಾರ ನೌಪಾಡಾದ ಪಾಠದ ಕೋಣೆಗೆ ಹೋದೆ. ಬಳಗ ನಡೆಸುವ ವಿನೋದಾಬಾಯಿ ಅದರ ನಿಯಮ ಓದಿ ಹೇಳಿದರು. ಹುಡುಗಿಗೆ ಯಾವ ಸಾಮಾನೂ ಕೊಡಬಾರದು, ಯಾವ ಮಾತೂ ಕೊಡಬಾರದು, ಅವರ ಮನೆಗೆ ಬರಿಗೈಲಿ ಹೋಗಿ ಬರಿಗೈಲಿ ಬರಬೇಕು. ನಾನು ತಲೆ ಆಡಿಸಿದೆ. ಆದರೆ ಅಕ್ಕಾ, ಬರಿಗೈಲಿ ಒಬ್ಬರ ಹೊಸ್ತಿಲು ದಾಟುವುದು ನಮ್ಮ ಕಡೆ ಸಾವಿನ ಸುದ್ದಿ ತಂದವರ ಕೆಲಸ.

ಆಮೇಲೆ ವೈಶಾಲಿ ಬಂದಳು. ಹದಿನಾರು ವರ್ಷದವಳು, ಕಡ್ಡಿಯಂತೆ ತೆಳ್ಳಗೆ, ಎರಡು ಜಡೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಮರಾಠಿಯಲ್ಲಿ ಹೇಳುತ್ತಾಳೆ. ನನ್ನ ಹಣೆಯ ವಿಭೂತಿ ನೋಡಿ, ಕೈಚೀಲ ನೋಡಿ, "ಮಾವಶಿ, ನಿಮಗೆ ಗಣಿತ ಬರುತ್ತದೇನು" ಎಂದು ಮರಾಠಿಯಲ್ಲಿ ಕೇಳಿದಳು. ಇಲ್ಲವ್ವಾ ಎಂದೆ. ವಿಜ್ಞಾನ? ಅದೂ ಇಲ್ಲ. ಮತ್ತೇನು ಬರುತ್ತದೆ ಎಂದಳು. ರೊಟ್ಟಿ ಬಡಿಯಲು ಬರುತ್ತದೆ ಎಂದೆ. ಅವಳು ಬಾಯಿಗೆ ಕೈ ಹಿಡಿದು ನಕ್ಕಳು. ನನಗೂ ನಗು ಬಂತು. ಅಷ್ಟೇ ಆದದ್ದು. ಬೆನ್ನಿಗೆ ನಿಲ್ಲುವುದು ಅಂದರೆ ಇದೇ ಏನು, ತಿಳಿಯದು. ಬರೆದು ತಿಳಿಸಿರಿ.

ನಿಮ್ಮ
ನೀಲಗಂಗಾ


ವಿಜಾಪುರ
೨ ಸೆಪ್ಟೆಂಬರ್ ೧೯೯೬

ನೀಲಾ,

ಅಣ್ಣನ ಎಡಗೈ ಇನ್ನೂ ಏಳುತ್ತಿಲ್ಲ. ಇಲ್ಲಿ ಕಾಗದ ಬರೆಯಲು ಪುರಸೊತ್ತು ಕಡಿಮೆ, ಅದಕ್ಕೇ ಕಾರ್ಡು.

ನಕ್ಕಳಲ್ಲ, ಸಾಕು. ನನ್ನ ಮುಂದೆ ಅವಳು ಮೂರು ತಿಂಗಳು ನಕ್ಕಿರಲಿಲ್ಲ. ನಿನ್ನ ಗುಣ ನನಗೆ ಗೊತ್ತು, ಕಂಡವರಿಗೆಲ್ಲ ಉಣಿಸುವವಳು. ಅವಳಿಗೆ ಉಣಿಸುವುದಕ್ಕಿಂತ ಅವಳು ಹೇಳುವುದನ್ನು ಕೇಳು. ಬಳಗದ ನಿಯಮ ಸುಮ್ಮನೆ ಮಾಡಿದ್ದಲ್ಲ, ಒಂದೆರಡು ಪೆಟ್ಟು ತಿಂದು ಮಾಡಿದ್ದು.

ಪದ್ಮಾವತಿ


ಡೊಂಬಿವಲಿ ಪೂರ್ವ
ಸೋಮವಾರ, ೨೩ ಸೆಪ್ಟೆಂಬರ್ ೧೯೯೬

ಪದ್ಮಕ್ಕನವರಿಗೆ ಶರಣು.

ಶ್ರಾವಣ ಮುಗಿದರೂ ನನ್ನ ಸೋಮವಾರದ ಒಪ್ಪತ್ತು ನಡೆದಿದೆ. ಅಂಬರನಾಥದ ಶಿವನ ಗುಡಿಗೆ ಹೋಗುತ್ತೇನೆ. ಮೆಟ್ಟಿಲಿಳಿದು ಕೆಳಗೆ ಹೋದರೆ ಕಲ್ಲಿನ ತಂಪಿನಲ್ಲಿ ಲಿಂಗ. ಅಲ್ಲಿ ಮಾತ್ರ ನನ್ನ ಜೀವ ಒಂದು ಗಳಿಗೆ ಸುಮ್ಮನಿರುತ್ತದೆ. ಮೇಲೆ ಬಂದರೆ, ಆ ಊರಿನವಳೇ ಆದ ವೈಶಾಲಿ ಸಾಲಿ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತಿರುತ್ತಾಳೆ. ಶನಿವಾರ ನೌಪಾಡಾದಲ್ಲಿ ಮಾಸ್ತರರ ಗಣಿತ, ಸೋಮವಾರ ಇಲ್ಲಿ ನಮ್ಮಿಬ್ಬರ ಮಾತು.

ಒಂದು ಹೊಂದಾಣಿಕೆ ಮಾಡಿಕೊಂಡಿದ್ದೇವೆ. ಅವಳು ಆ ವಾರ ಕಲಿತ ಲೆಕ್ಕವನ್ನು ನನಗೆ ಹೇಳಿಕೊಡಬೇಕು. ನಾನು ಅವಳಿಗೆ ಕನ್ನಡ ಅಕ್ಷರ ಕಲಿಸಬೇಕು. ನನಗೆ ತಿಳಿಯುವ ಹಾಗೆ ಹೇಳಬೇಕಾದರೆ ಅವಳಿಗೆ ಮೊದಲು ಪೂರಾ ತಿಳಿದಿರಬೇಕಲ್ಲ. ತ್ರಿಕೋನದ ಮೂರು ಮೂಲೆ ಕೂಡಿಸಿದರೆ ಸರಳ ಗೆರೆಯಾಗುತ್ತದೆ ಎಂದು ಕಾಗದ ಹರಿದು ತೋರಿಸಿದಳು. ನಾನು ನಂಬದೆ ಮನೆಗೆ ಬಂದು ಇವರ ಅಂಗಡಿಯ ರದ್ದಿ ಹರಿದು ಹರಿದು ನೋಡಿದೆ. ಇವರು, ಐವತ್ತಕ್ಕೆ ಇವಳಿಗೆ ಇಲಿಯ ಚಾಳಿ ಹತ್ತಿತು ಎಂದು ಆಡಿಕೊಂಡರು.

ಅವಳ ಅಪ್ಪ ಜಟ್ಟೆಪ್ಪ ಕಾರ್ಖಾನೆಗಳಲ್ಲಿ ಲಾರಿಯ ಮಾಲು ಇಳಿಸುವ ಹಮಾಲ. ಅವ್ವ ಚಂದವ್ವ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ಆಳಂದದ ಕಡೆಯವರು, ಲಿಂಗವಂತರು, ನಮ್ಮವರೇ. ಮನೆಗೆ ಹೋದಾಗ ಚಂದವ್ವ ಚಾಪೆ ಝಾಡಿಸಿ ಹಾಸಿ, ತಾನು ಮಣ್ಣಿನ ಮೇಲೆ ಕೂತಳು. ಮೇಲೆ ಕೂಡು ತಂಗಿ ಎಂದರೆ, "ಇರ್ಲಿ ಬಿಡ್ರಿ ಅಕ್ಕಾರ, ನಮಗಿದೇ ರೂಢಿ ಅದ" ಎಂದಳು. ನಾನು ಬರಿಗೈಲಿ ಹೋಗಿದ್ದೆ, ನಿಮ್ಮ ನಿಯಮದ ಹಾಗೆ. ಬರುವಾಗ ಅವಳೇ ನನ್ನ ಉಡಿಗೆ ಒಂದು ಹಿಡಿ ಅಕ್ಕಿ ಹಾಕಿ ಕಳಿಸಿದಳು. ಇಡೀ ದಾರಿ ನನಗೆ ಚುಚ್ಚಿದಂತಾಯಿತು.

ವೈಶಾಲಿಗೆ ಹತ್ತನೆಯದರ ನಂತರ ಐಟಿಐ ಸೇರಿ ಯಂತ್ರಗಳ ನಕ್ಷೆ ತೆಗೆಯುವುದು ಕಲಿಯಬೇಕಂತೆ. ಅಪ್ಪ ಹೊರುವ ಪೆಟ್ಟಿಗೆಗಳ ಮೇಲೆ ಒಳಗಿನ ಯಂತ್ರದ ಚಿತ್ರ ಇರುತ್ತದಲ್ಲ, ಅದನ್ನು ನೋಡಿ ನೋಡಿ ಈ ಹುಚ್ಚು ಹತ್ತಿದೆ. "ಅಪ್ಪಗ ವಜ್ಜಾ ಗೊತ್ತದ, ಆತ್ ಕಾಯ್ ಆಹೇ ತೇ ಗೊತ್ತಿಲ್ಲ" ಎಂದಳು, ಅರ್ಧ ನಮ್ಮ ಭಾಷೆ, ಅರ್ಧ ಅವರ ಭಾಷೆ. ಅಪ್ಪನಿಗೆ ಭಾರವಷ್ಟೇ ಗೊತ್ತು, ಒಳಗೇನಿದೆ ಎಂದು ತಿಳಿಯುವ ಆಸೆ ಅವಳದು.

ಈ ಆಸೆ ಎಲ್ಲಿ ಕೈಜಾರುತ್ತದೋ ಎಂದು ನನಗೇ ಈಗ ಸಮಾಧಾನವಿಲ್ಲ.

ನೀಲಗಂಗಾ


ಡೊಂಬಿವಲಿ ಪೂರ್ವ
ಮಂಗಳವಾರ, ೨೨ ಅಕ್ಟೋಬರ್ ೧೯೯೬

ಪದ್ಮಕ್ಕನವರಿಗೆ ಬನ್ನಿ ಕೊಟ್ಟು ಶರಣು. ಬಂಗಾರದ ಹಾಗೆ ಇರೋಣ.

ಒಂಬತ್ತು ದಿನ ದೀಪ ಕಾಯ್ದು, ಉಪವಾಸ ಮಾಡಿ, ನಿನ್ನೆ ಹೋಳಿಗೆಯ ಕಸ ಬಳಿದು ಮುಗಿಸಿದೆ. ಸಂತೋಷದ ಸುದ್ದಿ ಇದೆ. ಸಹಾಮಾಹಿ, ಅಂದರೆ ಅರ್ಧ ವರ್ಷದ ಪರೀಕ್ಷೆಯಲ್ಲಿ ನಮ್ಮ ಹುಡುಗಿ ಗಣಿತದಲ್ಲಿ ತರಗತಿಗೇ ಎರಡನೆಯವಳು. ಮೊದಲು ಪಾಸಾಗುವುದೇ ಕಷ್ಟವಿತ್ತು.

ಅದನ್ನು ಹೇಳಲು ಅವಳು ನೌಪಾಡಾದಿಂದ ತಿರುಗಿ ಹೋಗುವಾಗ ಡೊಂಬಿವಲಿಯಲ್ಲಿ ಇಳಿದು ನಮ್ಮ ಮನೆಗೇ ಓಡಿಬಂದಳು. ನವರಾತ್ರಿ, ದೀಪ ಉರಿಯುತ್ತಿದೆ, ಹೆಣ್ಣುಮಗಳು ಬಾಗಿಲಿಗೆ ಬಂದಿದ್ದಾಳೆ. ನಿಯಮ ನನಗೆ ನೆನಪಿತ್ತು ಅಕ್ಕಾ, ಸುಳ್ಳು ಹೇಳುವುದಿಲ್ಲ. ಆದರೆ ದೇವಿಯ ಮುಂದಿನಿಂದ ಹುಡುಗಿಯನ್ನು ಬರಿ ಉಡಿಯಲ್ಲಿ ಹೇಗೆ ಕಳಿಸಲಿ? ಮಣೆಯ ಮೇಲೆ ಕೂಡಿಸಿ, ಅಕ್ಕಿ, ಕಾಯಿ, ಅರಿಸಿನ ಬೇರು, ಒಂದು ಗುಳೇದಗುಡ್ಡದ ಖಣ ಇಟ್ಟು ಉಡಿ ತುಂಬಿದೆ. ಮತ್ತೆ ಒಂದು ಸೇರು ಸಕ್ಕರೆ ಪುಡಿಕೆ ಕಟ್ಟಿ, ಇದು ಗಣಿತದ ಸಕ್ಕರೆ, ನಿಮ್ಮ ಓಣಿಯವರ ಬಾಯಿ ಸಿಹಿ ಮಾಡು ಎಂದೆ. ಸಂಜೆಯಾಗಿತ್ತು, ಗಾಡಿಯಲ್ಲಿ ಗದ್ದಲ. ವಿಜಯಕುಮಾರನನ್ನು ಜೊತೆಗೆ ಕಳಿಸಿದೆ. ಅವನೇ ಕಾಯಿ, ಸಕ್ಕರೆಯ ಚೀಲ ಹಿಡಿದು ಅವಳನ್ನು ಮನೆ ಮುಟ್ಟಿಸಿ, ಚಹಾ ಕುಡಿದು ಬಂದ. ಇಡೀ ದಾರಿ ಆ ಹುಡುಗಿ ತನಗೇ ಬೀಜಗಣಿತದ ಪರೀಕ್ಷೆ ಇಟ್ಟಳೆಂದು ಗೋಳಾಡಿದ.

ವಿನೋದಾಬಾಯಿಗೆ ಹೇಳಬೇಡಿರಿ. ನೀವು ಬೈದರೆ ಬೈಸಿಕೊಳ್ಳುತ್ತೇನೆ.

ನೀಲಗಂಗಾ


ಡೊಂಬಿವಲಿ ಪೂರ್ವ
ಸೋಮವಾರ, ೧೮ ನವೆಂಬರ್ ೧೯೯೬

ಪದ್ಮಕ್ಕನವರಿಗೆ.

ಕಾರ್ತಿಕ ಸೋಮವಾರ. ಒಪ್ಪತ್ತಿನ ಊಟ ಮುಚ್ಚಿಟ್ಟು ಬರೆಯಲು ಕೂತಿದ್ದೇನೆ. ಮೂರು ಸಲ ಕಾಗದ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ದೀಪಾವಳಿಯ ಗದ್ದಲದಲ್ಲಿ ವೈಶಾಲಿ ಎರಡು ಶನಿವಾರ ನೌಪಾಡಾಕ್ಕೆ ಬಂದಿರಲಿಲ್ಲ. ಹಬ್ಬ ಎಂದು ನಾನೂ ಸುಮ್ಮನಿದ್ದೆ. ಇವತ್ತು ಅಂಬರನಾಥಕ್ಕೆ ಹೋದರೆ ಕಟ್ಟೆಯ ಮೇಲೆ ಅವಳಿಲ್ಲ. ಚಂದವ್ವ ಮತ್ತು ಅವರ ಓಣಿಯ ಹೆಂಗಸರು ಮೆಟ್ಟಿಲ ಬಾಯಿಗೆ ನಿಂತಿದ್ದಾರೆ. ನನ್ನನ್ನು ಕಂಡವಳೇ ಚಂದವ್ವ, "ಬರ್ರಿ ಬೀಗತಿ, ನಿಮ್ಮ ದಾರಿನೇ ನೋಡ್ಲಕತ್ತಿದ್ದೆ" ಎಂದಳು. ಬೇರೆ ಯಾರನ್ನೋ ಕರೆಯುತ್ತಿದ್ದಾಳೆಂದು ನಾನು ಹಿಂದೆ ತಿರುಗಿ ನೋಡಿದೆ. ಹೆಂಗಸರೆಲ್ಲ ನಕ್ಕರು. ಒಬ್ಬಳು, ಬೀಗತಿಗೆ ನಾಚಿಕೆ ನೋಡಿರಿ ಎಂದಳು.

ಆಗ ತಿಳಿಯಿತು ಅಕ್ಕಾ. ಉಡಿ ತುಂಬಿದ್ದು ಇರಲಿ, ನವರಾತ್ರಿಯಲ್ಲಿ ಯಾರೂ ತುಂಬುತ್ತಾರೆ. ಆದರೆ ಅದರ ಜೊತೆಗೆ ಸಕ್ಕರೆಯ ಪುಡಿಕೆ. ಈ ಕಡೆಯವರು ಹೆಣ್ಣು ಗೊತ್ತು ಮಾಡುವುದಕ್ಕೇ ಸಾಖರಪುಡಾ ಅನ್ನುತ್ತಾರೆ. ಇಪ್ಪತ್ತೆಂಟು ವರ್ಷ ಈ ಊರಲ್ಲಿದ್ದು ಎಷ್ಟು ಸಾಖರಪುಡೆಗೆ ಹೋಗಿ ಪೇಢೆ ತಿಂದಿಲ್ಲ ನಾನು? ಮೇಲೆ ಅದನ್ನು ಹೊತ್ತು ಹೋದವನು ಮದುವೆಯಾಗದ ನನ್ನ ಮಗ. ಚಂದವ್ವನ ಪಕ್ಕದ ಮನೆಯ ಮರಾಠಿಯವರೇ ಮೊದಲು ಕೇಳಿದರಂತೆ, ಸಾಖರಪುಡಾ ಆಯಿತೇ ಎಂದು. ಆ ಸಕ್ಕರೆ ಓಣಿಗೆಲ್ಲ ಹಂಚಿ ಮುಗಿದಿದೆ.

ಚಂದವ್ವ ನನ್ನ ಕೈ ಹಿಡಿದು ಹೇಳಿದ ಮಾತು ಕಿವಿಯಿಂದ ಹೋಗುತ್ತಿಲ್ಲ. "ಹುಡುಗನೇ ಪುಡಿಕಿ ಹಿಡ್ಕೊಂಡು ನಮ್ಮ ಬಾಗಿಲಿಗಿ ಬಂದ ಅಂತ ಇವರು ಆವತ್ತು ಕುಂತು ಅತ್ತರ್ರಿ. ನಾವೇ ಹೋಗಿ ಮಂದಿ ಕಾಲು ಹಿಡಿಬೇಕಾದವರು, ಹಮಾಲನ ಮನಿಗಿ ಅವರೇ ಬಂದ್ರಲಾ ಅಂತ."

ಅಲ್ಲೇ ಹೇಳಬೇಕಿತ್ತು. ನಾಲಿಗೆ ಅಂಗುಳಕ್ಕೆ ಅಂಟಿತು. ಸುತ್ತ ಎಂಟು ಹತ್ತು ಹೆಂಗಸರು, ಒಬ್ಬಳು ನನ್ನ ಕಾಲಿಗೆ ನೀರು ಹಾಕುತ್ತಿದ್ದಾಳೆ. ವೈಶಾಲಿ ಎಲ್ಲಿ ಎಂದಷ್ಟೇ ಕೇಳಿದೆ. ಮದುವೆ ಗೊತ್ತಾದ ಹುಡುಗಿ ಗಾಡಿ ಹತ್ತಿ ತಿರುಗಬಾರದೆಂದು ನೌಪಾಡಾ ಬಿಡಿಸಿದ್ದಾರೆ. ಹದಿನೆಂಟು ತುಂಬಿದ ಮೇಲೆ ಮದುವೆ ಇಟ್ಟುಕೊಳ್ಳೋಣ, ಅಲ್ಲಿಯವರೆಗೆ ಮನೆಗೆಲಸ ಕಲಿಯಲಿ, ಪಾತ್ರೆ ಅಂಗಡಿಯವರ ಸೊಸೆಗೆ ಸಾಲಿ ಇನ್ನೇತಕ್ಕೆ ಎಂದು ಚಂದವ್ವ ನನ್ನನ್ನೇ ಕೇಳಿದಳು. ನನ್ನ ಒಪ್ಪಿಗೆ ಕೇಳುವ ಹಾಗೆ.

ನಾನು ಮೆಟ್ಟಿಲಿಳಿದು ದೇವರ ಮುಂದೆ ಕೂತೆ. ಇವತ್ತು ಆ ಕಲ್ಲೂ ಸುಮ್ಮನಿರಲಿಲ್ಲ.

ಮನೆಯಲ್ಲಿ ಹೇಳಿದರೆ ಮಗ ಮೊದಲು ನಕ್ಕ. ಆಮೇಲೆ, "ಅಕಿ ಸಾಲಿ ಕೂಸು ಅವ್ವಾ. ನನ್ನ ದಾದಾ ಅಂತಾಳ" ಎಂದು ಎದ್ದುಹೋದ. ಇವರಿಗೆ ಸಿಟ್ಟು ನೆತ್ತಿಗೇರಿತು. ನಾಳೆಯೇ ಹೋಗಿ ಈ ಸಂಬಂಧ ನಾವು ಒಲ್ಲೆವು ಎಂದು ಮುಖದ ಮೇಲೆ ಹೇಳಿ ಬರುತ್ತೇನೆ ಅನ್ನುತ್ತಾರೆ. ಕೈ ಮುಗಿದು ತಡೆದಿದ್ದೇನೆ. ಹಾಗೆ ಹೇಳಿದರೆ ಆ ಹುಡುಗಿಯ ಗತಿ ಏನು? ಹೇಳದಿದ್ದರೆ ಏನು? ಏನು ಮಾಡಲಿ, ಲಗೂ ಬರೆಯಿರಿ.

ನೀಲಗಂಗಾ


ವಿಜಾಪುರ
೩೦ ನವೆಂಬರ್ ೧೯೯೬

ನೀಲಾ,

ನೀನು ಲಗೂ ಬರೆ ಎಂದೆ. ಅಣ್ಣ ದವಾಖಾನೆಯಲ್ಲಿದ್ದ, ತಡವಾಯಿತು.

ಬೈಯುವುದಿಲ್ಲ. ನೀನೇ ಬೈದುಕೊಂಡಿದ್ದೀ. ಮಾಡಬೇಕಾದದ್ದು ನನಗಿಂತ ನಿನಗೆ ಚೆನ್ನಾಗಿ ಗೊತ್ತು, ಹೋಗಿ ನಿಜ ಹೇಳಬೇಕು. ದಿನ ಹೋದಷ್ಟೂ ಆ ಸಕ್ಕರೆ ಕಹಿಯಾಗುತ್ತದೆ. ಸಾಲಿ ಬಿಡಿಸಿದರೆ ಮಾರ್ಚಿಯ ಹತ್ತನೆಯ ಪರೀಕ್ಷೆ ಕೈಬಿಟ್ಟಂತೆ, ಮಾರ್ಚಿ ಬಿಟ್ಟರೆ ಹುಡುಗಿಯನ್ನೇ ಬಿಟ್ಟಂತೆ.

ಆದರೆ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಉಡಿ ತುಂಬಿದವಳು ನೀನು, ಸಕ್ಕರೆ ಕಟ್ಟಿದವಳು ನೀನು, ಮಗನ ಕೈಯಲ್ಲಿ ಕೊಟ್ಟು ಕಳಿಸಿದವಳೂ ನೀನೇ. ಅವರು ಹೀಗೆ ತಿಳಿದಾರು ಎಂದು ನಿನ್ನ ಮನಸ್ಸಿಗೆ ಒಂದು ಗಳಿಗೆಯೂ ಬರಲಿಲ್ಲವೇ? ಬರದಿದ್ದರೆ ಏಕೆ ಬರಲಿಲ್ಲ?

ಪದ್ಮಾವತಿ


ಅಂಬರನಾಥ
ಶನಿವಾರ, ೨೮ ಡಿಸೆಂಬರ್ ೧೯೯೬

ನೀಲಗಂಗಾ ಮಾವಶಿಗೆ ವೈಶಾಲಿ ಮಾಡುವ ನಮಸ್ಕಾರ.

ಇದು ನನ್ನ ಮೊದಲ ಕನ್ನಡ ಪತ್ರ. ಒತ್ತಕ್ಷರ ತಪ್ಪಿದರೆ ನಗಬೇಡಿ. ಮರಾಠಿಯಲ್ಲಿ ಬರೆದರೆ ಓಣಿಯಲ್ಲಿ ಎಲ್ಲರೂ ಓದುತ್ತಾರೆ. ಕನ್ನಡ ಓದಲು ಇಲ್ಲಿ ಯಾರಿಗೂ ಬರುವುದಿಲ್ಲ, ಅಪ್ಪನಿಗೂ ಬರುವುದಿಲ್ಲ. ಅದಕ್ಕೆ ಕನ್ನಡ.

ನೀವು ಸೋಮವಾರ ಬರುವುದು ಬಿಟ್ಟಿರಿ. ನಾನು ಗುಡಿಯ ಕಡೆ ಹೋಗಿ ನೋಡಿದೆ, ಎರಡು ಸಲ. ನೀವು ಸಿಟ್ಟು ಮಾಡಿಕೊಂಡಿದ್ದೀರಿ ಅಂತ ತಿಳಿದಿದ್ದೆ. ಆಮೇಲೆ ವಿಚಾರ ಮಾಡಿದೆ, ನಿಮಗೆ ಹೆದರಿಕೆ ಆಗಿದೆ.

ಮಾವಶಿ, ಇದು ತಪ್ಪಿನಿಂದ ಆಗಿದೆ ಅಂತ ನನಗೆ ಗೊತ್ತು. ನೀವು ಗಣಿತದ ಸಕ್ಕರಿ ಅಂದಿದ್ದಿರಿ. ನಾನು ಅವ್ವನಿಗೆ ಹೇಳಿದೆ. ಅವ್ವ ಅಂದಳು, ಗಣಿತಕ್ಕ ಯಾರರ ಉಡಿ ತುಂಬತಾರೇನ ಹುಚ್ಚಿ. ನನಗೆ ನಗುವೂ ಬಂತು, ಅಳುವೂ ಬಂತು.

ಈ ತಿಂಗಳಿಂದ ಸಾಲಿಯೂ ಬಂದಾಯಿತು. ಜನವರಿ ಇಪ್ಪತ್ತನೇ ತಾರೀಖು ಸೋಮವಾರ ಪ್ರಿಲಿಮ್ ಶುರು, ಬೋರ್ಡಿನ ಪರೀಕ್ಷೆಗೆ ಮೊದಲು ಸಾಲಿಯಲ್ಲಿ ಇಡುವ ಪರೀಕ್ಷೆ. ಅದಕ್ಕೆ ಕೂಡದಿದ್ದರೆ ಬೋರ್ಡಿನ ಹಾಲ್ ಟಿಕೆಟ್ ಕೊಡುವುದಿಲ್ಲ ಅಂತ ಸಾಲಿಯ ಬಾಯಿ, ನಮ್ಮ ಟೀಚರು, ಹೇಳಿ ಕಳಿಸಿದ್ದಾರೆ. ಅವ್ವ ನಕ್ಕುಬಿಟ್ಟಳು.

ಈಗ ನನ್ನ ಮಾತು ಕೇಳಿರಿ. ನೀವು ಬಂದು ನಾವು ಒಲ್ಲೆವು ಅಂತ ಹೇಳಬೇಡಿ. ಹೇಳಿದರೆ ಓಣಿಯಲ್ಲಿ ಬಿಟ್ಟ ಹುಡುಗಿ ಅಂತಾರೆ. ಅಪ್ಪನ ಮೋರೆ ನೋಡಲು ಆಗುವುದಿಲ್ಲ. ಅವನು ನನ್ನನ್ನು ಊರಿಗೆ ಒಯ್ದು ಯಾರು ಸಿಕ್ಕರೆ ಅವರಿಗೆ ಕೊಡುತ್ತಾನೆ. ಒಲ್ಲೆ ಅನ್ನುವ ಮಾತು ನಮ್ಮ ಕಡೆಯಿಂದ ಆಗಬೇಕು. ನಮ್ಮ ಅಪ್ಪ ನಿಮ್ಮ ಮನೆಗೆ ಬಂದು ಎಲ್ಲರ ಮುಂದೆ ಒಲ್ಲೆ ಅನ್ನಬೇಕು. ಅವ್ವ ಅಪ್ಪ ಇದಕ್ಕೆ ಹೇಗೆ ಒಪ್ಪುತ್ತಾರೋ ನನಗೆ ತಿಳಿಯುವುದಿಲ್ಲ. ನೀವು ಬೆನ್ನಿಗೆ ನಿಲ್ಲುತ್ತೇನೆ ಅಂದಿದ್ದಿರಿ.

ವಿಜಯದಾದಾ ಒಳ್ಳೆಯವರು. ಅವರಿಗೆ ಬೀಜಗಣಿತ ಬರುವುದಿಲ್ಲ.

ನಿಮ್ಮ
ವೈಶಾಲಿ


ಡೊಂಬಿವಲಿ ಪೂರ್ವ
ಸೋಮವಾರ, ೬ ಜನವರಿ ೧೯೯೭

ಪದ್ಮಕ್ಕನವರಿಗೆ ಶರಣು.

ಒಂದು ತಿಂಗಳು ನಿಮಗೆ ಬರೆಯಲಿಲ್ಲ. ಸಿಟ್ಟಿನಲ್ಲಿದ್ದೆ. ನಿಮ್ಮ ಕಾರ್ಡನ್ನು ದೇವರ ಗೂಡಿನ ಹಿಂದೆ ಇಟ್ಟು, ದಿನಾ ಪೂಜೆಗೆ ಕೂತಾಗ ಅದರ ಕಡೆ ನೋಡದಂತೆ ಕಣ್ಣು ಮುಚ್ಚುತ್ತಿದ್ದೆ. ಅಂಬರನಾಥಕ್ಕೂ ಹೋಗಲಿಲ್ಲ. ಇಲ್ಲಿಯೇ ಕಲ್ಯಾಣದವರೆಗೆ ಟಿಕೀಟು ತೆಗೆಸಿ, ಅಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಮೇಲೆ ಕೂತು, ಅಂಬರನಾಥದ ಗಾಡಿಗಳನ್ನು ಬಿಟ್ಟು ಬಿಟ್ಟು, ತಿರುಗಿ ಮನೆಗೆ ಬಂದದ್ದೂ ಉಂಟು. ಇವರಿಗೆ ಅಕ್ಕಸಾಲಿಗನ ಹತ್ತಿರ ಹೋಗಿದ್ದೆ ಎಂದೆ.

ಆಗ ವೈಶಾಲಿಯ ಕಾಗದ ಬಂತು. ನನಗೆ ಹೆದರಿಕೆ ಆಗಿದೆ ಎಂದು ಹದಿನಾರರ ಹುಡುಗಿ ಕಂಡುಹಿಡಿದಿದ್ದಾಳೆ. ಒಂದೂ ಒತ್ತಕ್ಷರ ತಪ್ಪಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ. ಬರಲಿಲ್ಲ. ಅವಳು ಸಣ್ಣವಳು, ಅದಕ್ಕೇ ಬರಲಿಲ್ಲ ಎಂದು ಬರೆಯಬಹುದಿತ್ತು, ಅದೂ ಸುಳ್ಳಲ್ಲ. ಆದರೆ ನಮ್ಮ ಸರಿಜೋಡಿಯ ಅಂಗಡಿಕಾರರ ಮಗಳು ಯಾರಾದರೂ ಆ ಮಣೆಯ ಮೇಲೆ ಕೂತಿದ್ದರೆ, ಪುಡಿಕೆ ಕಟ್ಟುವಾಗ ನನ್ನ ಕೈ ಒಂದು ಗಳಿಗೆ ತಡೆಯುತ್ತಿತ್ತು. ಅವರು ಏನೆಂದುಕೊಂಡಾರು ಎಂದು ನೋಡುತ್ತಿದ್ದೆ. ಜಟ್ಟೆಪ್ಪನ ಮನೆಯವರೂ ಏನಾದರೂ ಅಂದುಕೊಂಡಾರು ಎಂಬುದೇ ನನಗೆ ಹೊಳೆಯಲಿಲ್ಲ. ಇಷ್ಟೇ ಅಕ್ಕಾ. ಇದನ್ನು ಬರೆಯಲು ಒಂದು ತಿಂಗಳು ಬೇಕಾಯಿತು.

ನಿನ್ನೆ ಮನೆಯಲ್ಲಿ ದೊಡ್ಡ ಮಾತಾಯಿತು. ಹುಡುಗಿಯ ಕಾಗದ ಇವರಿಗೆ ಓದಿ ಹೇಳಿದೆ. ಇವರು ತಟ್ಟೆ ಸರಿಸಿದರು. "ಒಲ್ಲೆ ಅನ್ನಾಕ ಅವರ್ಯಾರು? ಈ ಅಪ್ಪಾಸಾಹೇಬನ ಮಗನ್ನ ಹಮಾಲ ಒಲ್ಲೆ ಅಂದ ಅಂತ ನಾಳೆ ಬಜಾರದಾಗ ನಗಬೇಕೇನು?"

"ನಗಲಿ ಬಿಡ್ರಿ. ನಮ್ಮ ಪಾತ್ರಿಗೆ ತೂತು ಬೀಳಂಗಿಲ್ಲ. ಅಕಿ ಹೆಸರಿಗೆ ಬಿದ್ರ ಯಾರೂ ಬೆಸುಗಿ ಹಾಕಂಗಿಲ್ಲ" ಎಂದೆ.

ವಿಜಯಕುಮಾರ, ತನ್ನನ್ನು ಯಾರು ಒಲ್ಲೆ ಅಂದರೂ ತನಗೆ ಚಿಂತೆಯಿಲ್ಲ, ಬೀಜಗಣಿತ ಬರುವುದಿಲ್ಲ ಎಂಬುದನ್ನು ಮಾತ್ರ ಊರಿಗೆ ಸಾರಬೇಡಿರಿ ಎಂದ. ಇವರಿಗೆ ನಗು ಬರಲಿಲ್ಲ. ಉಣ್ಣದೆ ಅಂಗಡಿಗೆ ಹೋದರು. ಸಂಜೆ ಬಂದು ಚಪ್ಪಲಿ ಬಿಡುತ್ತ, ಗೋಡೆಯ ಕಡೆ ಮುಖ ಮಾಡಿ ಕೇಳಿದರು, "ಅವ ಬಂದ್ರ ನಾ ಅಂಗಡ್ಯಾಗ ಇರ್ಲೋ ಮನ್ಯಾಗ ಇರ್ಲೋ?"

ಮನೆಯಲ್ಲಿರಿ ಎಂದೆ.

ಮೊದಲು ನಾನೇ ಹೋಗಿ ಚಂದವ್ವನ ಮುಂದೆ ಕೂತು ಹೇಳಬೇಕೆಂದಿದ್ದೆ. ಹೋದರೆ ಓಣಿ ಕೂಡುತ್ತದೆ, ಮೋರೆ ನೋಡಿದರೆ ನನ್ನ ನಾಲಿಗೆ ಮತ್ತೆ ಅಂಟುತ್ತದೆ. ಕಾಗದಕ್ಕೆ ನಾಲಿಗೆ ಅಂಟುವುದಿಲ್ಲ. ಬರೆಯುತ್ತೇನೆ.

ನೀಲಗಂಗಾ


ಡೊಂಬಿವಲಿ ಪೂರ್ವ
ಗುರುವಾರ, ೯ ಜನವರಿ ೧೯೯೭

ತಂಗಿ ಚಂದವ್ವಗೆ ನೀಲಗಂಗಾಳ ಶರಣು. ಜಟ್ಟೆಪ್ಪಣ್ಣನಿಗೂ ಶರಣು.

ಇದನ್ನು ವೈಶಾಲಿ ಓದಿ ಹೇಳುತ್ತಾಳೆ. ವೈಶಾಲಿ, ಬಾಗಿಲು ಹಾಕಿಕೊಂಡು ಓದು. ಯಾವ ಮಾತನ್ನೂ ಬಿಡಬೇಡ, ನಿನ್ನ ಕಡೆಯಿಂದ ಯಾವುದನ್ನೂ ಸೇರಿಸಬೇಡ.

ಇವತ್ತು ಎಳ್ಳಮಾವಾಸ್ಯೆ. ಊರಲ್ಲಿದ್ದರೆ ನೀವೂ ನಾವೂ ಹೊಲಕ್ಕೆ ಚರಗ ಚೆಲ್ಲಲು ಹೋಗುತ್ತಿದ್ದೆವು. ನಾನು ಕಿಟಕಿಯಲ್ಲಿಟ್ಟ ತುಳಸಿಯ ಡಬ್ಬಿಗೆ ಒಂದು ತುತ್ತು ಚೆಲ್ಲಿ, ಕೈ ತೊಳೆದು ಬರೆಯಲು ಕೂತಿದ್ದೇನೆ.

ತಂಗಿ, ನವರಾತ್ರಿಯಲ್ಲಿ ನಾನು ನಿನ್ನ ಮಗಳ ಉಡಿ ತುಂಬಿದ್ದು ದೇವಿಯ ಹೆಸರಿನಲ್ಲಿ. ಸಕ್ಕರೆ ಕೊಟ್ಟಿದ್ದು ಅವಳು ಗಣಿತದಲ್ಲಿ ಮುಂದೆ ಬಂದಳೆಂದು. ಮಗನನ್ನು ಕಳಿಸಿದ್ದು ಸಂಜೆಯ ಗಾಡಿಗೆ ಜೊತೆಗಿರಲಿ ಎಂದು. ಮೂರನ್ನೂ ಕೂಡಿಸಿದರೆ ಏನಾಗುತ್ತದೆ ಎಂದು ನಾನು ನೋಡಲಿಲ್ಲ. ನೀನು ತಿಳಿದದ್ದರಲ್ಲಿ ಒಂದು ಕೂದಲಿನಷ್ಟೂ ತಪ್ಪಿಲ್ಲ, ಯಾರಿದ್ದರೂ ಹಾಗೇ ತಿಳಿಯುತ್ತಿದ್ದರು. ಗುಡಿಯ ಮುಂದೆ ನೀನು ಬೀಗತಿ ಎಂದಾಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನೀನು ನನ್ನ ಕಾಲಿಗೆ ನೀರು ಹಾಕಿಸಿದೆ, ನಾನು ಸುಮ್ಮನೆ ಹಾಕಿಸಿಕೊಂಡೆ.

ಜಟ್ಟೆಪ್ಪಣ್ಣ ಆ ದಿನ ಅತ್ತರೆಂದು ಹೇಳಿದೆ. ಅದನ್ನು ನಾನು ಹಿಂದಕ್ಕೆ ಕೊಡಲಾರೆ. ಕೊಡಲು ನನ್ನಲ್ಲಿರುವುದು ಒಂದೇ. ಕೇಳು.

ಈ ಸಂಬಂಧ ಬೇಡ ಎಂಬ ಮಾತನ್ನು ನಾವು ಆಡುವುದಿಲ್ಲ. ನೀವು ಆಡಿರಿ. ಬರುವ ಮಂಗಳವಾರ ಸಂಕ್ರಾಂತಿ. ಎಳ್ಳುಬೆಲ್ಲಕ್ಕೆ ನಮ್ಮ ಬಿಲ್ಡಿಂಗಿನವರೆಲ್ಲ ಕೆಳಗಿನ ಕಟ್ಟೆಯ ಮೇಲೆ ಕೂಡುತ್ತಾರೆ. ಜಟ್ಟೆಪ್ಪಣ್ಣ ಹಗಲು ಹೊತ್ತಿನಲ್ಲಿ, ನಿಮ್ಮ ಓಣಿಯ ಇಬ್ಬರು ಹಿರಿಯರನ್ನು ಕರೆದುಕೊಂಡು ಬರಲಿ. ನಮ್ಮ ಮಗಳು ಇನ್ನೂ ಕಲಿಯುವವಳಿದ್ದಾಳೆ, ನಿಮ್ಮ ಮನೆತನ ನಮಗೆ ಬೇಡ ಎಂದು ನನ್ನ ಯಜಮಾನರ ಮುಂದೆ, ಎಲ್ಲರೂ ಕೇಳುವಂತೆ ಹೇಳಲಿ. ಇವರು ಮನೆಯಲ್ಲೇ ಇರುತ್ತಾರೆ. ತಿರುಗಿ ಮಾತಾಡುವುದಿಲ್ಲ, ಅದು ನನ್ನ ಹೊಣೆ. ಆಮೇಲೆ ನಿಮ್ಮ ಓಣಿಯಲ್ಲಿ ಯಾರು ಕೇಳಿದರೂ, ಪಾತ್ರೆ ಅಂಗಡಿಯವರನ್ನು ನಾವೇ ಒಲ್ಲೆವು ಅಂದೆವು ಎಂದು ತಲೆ ಎತ್ತಿ ಹೇಳು. ನನ್ನನ್ನು ಕೇಳಿದರೆ ನಾನೂ ಹಾಗೇ ಹೇಳುತ್ತೇನೆ, ಗುಡಿಯ ಮೆಟ್ಟಿಲ ಮೇಲೆ ನಿಂತು ಹೇಳುತ್ತೇನೆ.

ನಿನಗೆ ನನ್ನ ಮೇಲೆ ಸಿಟ್ಟು ಬಂದಿರಬೇಕು. ಬರಲಿ. ಜಟ್ಟೆಪ್ಪಣ್ಣನಿಗೆ ಹೇಳು, ಆ ಸಿಟ್ಟನ್ನು ಮನೆಯಲ್ಲಿ ಬಿಟ್ಟು ಬರುವುದು ಬೇಡ, ಅದನ್ನೂ ತಂದು ಕಟ್ಟೆಯ ಮೇಲೆ ಇಳಿಸಲಿ. ಹೊರೆ ಇಳಿಸುವುದು ಅವರಿಗೆ ಹೊಸದಲ್ಲ.

ಖಣವನ್ನು ನೀನು ದೇವರ ಮುಂದೆ ಇಟ್ಟಿರಬಹುದು. ತಿರುಗಿಸಿ ಕಳಿಸಬೇಡ. ದೇವಿಯ ಉಡಿಯದು ಅದು, ನೀನೇ ಹೊಲಿಸಿ ಹಾಕಿಕೋ. ಸಕ್ಕರೆಯ ವಿಚಾರ ಬಿಡು. ಯಾರ ಬಾಯಿಯಿಂದ ತೆಗೆಯಲಾದೀತು? ಅದು ಗಣಿತದ ಸಕ್ಕರೆ. ತಿಂದವರೆಲ್ಲ ನಿನ್ನ ಮಗಳಿಗೆ ಮಾರ್ಚಿಯ ಪರೀಕ್ಷೆಯ ಋಣ ಹೊತ್ತಿದ್ದಾರೆ.

ಬೀಗತಿ ಅನಿಸಿಕೊಳ್ಳುವ ಯೋಗ್ಯತೆ ನನಗಿರಲಿಲ್ಲ. ನೀನು ಮೊದಲು ನನ್ನನ್ನು ಅಕ್ಕಾ ಎಂದಿದ್ದೆ. ಅದನ್ನು ತಿರುಗಿ ಕೊಡುವುದೂ ಬಿಡುವುದೂ ನಿನ್ನ ಇಷ್ಟ.

ಜಟ್ಟೆಪ್ಪಣ್ಣ ಆಡಿದ ಮಾತಿಗೆ ಹುಡುಗನ ತಾಯಿಯಾಗಿ ನಾನು ಉತ್ತರ ಕೊಡಬೇಕಾಗುತ್ತದೆ. ನಿಮ್ಮ ಮಾತು ತಲೆಯ ಮೇಲಿದೆ, ನಮ್ಮ ಮನಸ್ಸಿನಲ್ಲಿ ಏನೂ ಇಲ್ಲ, ನಿಮ್ಮ ಮಗಳ ಹೆಸರು ಚೊಕ್ಕವಾಗಿದೆ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು, ಇವರ ಸಹಿ ಹಾಕಿಸಿ, ದೇವರ ಮುಂದೆ ಇಟ್ಟಿರುತ್ತೇನೆ. ಓಣಿಯಲ್ಲಿ ಯಾರಿಗೆ ಬೇಕೋ ಅವರಿಗೆ ಓದಿ ತೋರಿಸಬಹುದು. ಅದನ್ನು ಅಂಚೆಗೆ ಹಾಕುವುದಿಲ್ಲ, ಜಟ್ಟೆಪ್ಪಣ್ಣನ ಕೈಯಲ್ಲೂ ಕೊಡುವುದಿಲ್ಲ. ಇಪ್ಪತ್ತರ ಸೋಮವಾರ ಪ್ರಿಲಿಮ್. ಅದರ ಹಿಂದಿನ ಶನಿವಾರ ನೌಪಾಡಾದಲ್ಲಿ ಗಣಿತದ ಕೊನೆಯ ಪಾಠ ಇದೆ. ಪಾಠ ಮುಗಿಸಿ ಬರುವ ಹಾದಿಯಲ್ಲಿ ಡೊಂಬಿವಲಿ ಸಿಗುತ್ತದೆ.

ನನ್ನ ಉತ್ತರ ಒಯ್ಯಲು ವೈಶಾಲಿಯನ್ನೇ ಕಳಿಸು.

ನಿನ್ನ
ನೀಲಗಂಗಾ